ಮೆಶ್ ಚೈನಿಗೆ ಆಲೂಗಡ್ಡೆ

ವಾಚಿನ ಮೆಶ್ ಚೈನು, ಅಂದರೆ ಸಣ್ಣ ಸ್ಟೀಲ್ ತಂತಿ ಹೆಣೆದ ಪಟ್ಟಿ, ಕೈಗೆ ಕೂರಿಸೋಕೆ ಬಕಲಿನ ಲಾಕ್ ಎತ್ತಿ, ಸರಿಸಿ, ಮತ್ತೆ ಒತ್ತುವುದು ವಾಚ್ ರಿಪೇರಿ ಕಸುಬಿನಲ್ಲಿರುವ ಎಲ್ಲರಿಗೂ ಗೊತ್ತು. ಅದನ್ನು ಬರೆದು ನಿಮ್ಮ ಟೈಮ್ ಹಾಳು ಮಾಡುವುದಿಲ್ಲ. ನಾನು ಹೇಳುತ್ತಿರುವುದು ಬಕಲ್ ಎಷ್ಟು ಸರಿಸಿದರೂ ಕೂರದ ಕೈಗಳ ವಿಷಯ. ಮಣಿಕಟ್ಟು 14 ಸೆಂಟಿಮೀಟರ್ ಆಸುಪಾಸು, ಆನ್‌ಲೈನಿನಲ್ಲಿ ತರಿಸಿದ ಮೆಶ್ ಚೈನ್ ದೊಡ್ಡ ಕೈಗೆ ಮಾಡಿದ್ದು. ಹಾಸನದಲ್ಲಿ ನನ್ನ ಟೇಬಲ್ಲಿಗೆ ವಾರಕ್ಕೆ ಎರಡು ಮೂರಾದರೂ ಇಂಥವು ಬರುತ್ತವೆ.

ಮೆಶ್ ಕಟ್ ಮಾಡಿದರೆ ಪೂರ್ತಿ ಬಿಚ್ಚಿಕೊಂಡು ಹೋಗುತ್ತದೆ ಅನ್ನುವುದು ನಮ್ಮವರ ನಂಬಿಕೆ. ನನಗೆ ಕೆಲಸ ಕಲಿಸಿದ ಭಾಯ್ ಕೂಡ ಹಾಗೇ ಹೇಳಿದ್ದರು. "ಲಿಂಕ್ ಚೈನ್ ಆದ್ರೆ ಪಿನ್ ಹೊಡೆದು ಎರಡು ಲಿಂಕ್ ತೆಗಿ. ಮೆಶ್ ಮಾತ್ರ ಮುಟ್ಬೇಡಪ್ಪ, ಹೊಸಾ ಚೈನಿನ ದುಡ್ಡು ನಿನ್ನ ತಲೆಗೇ ಬರುತ್ತೆ." ಬಂತು ಕೂಡ. ಆದರೆ ಈಗ ವರ್ಷದ ಮೇಲಾಯಿತು, ನಾನು ಚಿಕ್ಕದು ಮಾಡಿಕೊಟ್ಟ ಚೈನು ಒಂದೂ ಬಿಟ್ಟುಕೊಂಡು ವಾಪಸ್ ಬಂದಿಲ್ಲ. ಭಾಯ್ ಅವರೇ ಗಿರಾಕಿ ಕಳಿಸುತ್ತಾರೆ, 50 ರೂಪಾಯಿ ಅವರ ಪಾಲು.

ಮೆಶ್ ಚೈನು ಅಂದರೆ ವಾಚಿನ ಎರಡು ಕಡೆ ಎರಡು ತುಂಡು, ಒಂದು ಉದ್ದ, ಒಂದು ಗಿಡ್ಡ. ತೊಂದರೆ ಎಲ್ಲ ಗಿಡ್ಡ ತುಂಡಿನದು. ಉದ್ದದ ತುಂಡಿನಲ್ಲಿ ಬಕಲ್ ಓಡಾಡುತ್ತದೆ, ಗಿಡ್ಡದ್ದು ಇದ್ದಷ್ಟೇ ಇರುತ್ತದೆ. ತೆಳು ಕೈಗೆ ಅಂತ ಬಕಲನ್ನು ವಾಚಿನ ಕಡೆ ತಳ್ಳುತ್ತಾ ಹೋದರೆ ಅದು ಕೈಯಡಿಗೆ ಬರುವ ಬದಲು ಪಕ್ಕಕ್ಕೆ ಬಂದು ಕೂರುತ್ತದೆ. ಬಕಲ್ ದಾಟಿ ಒಳಗಡೆ ಉಳಿಯುವ ತುದಿ, ಅಂದರೆ ಬಾಲ, ಉದ್ದವಾಗಿ ಚರ್ಮಕ್ಕೆ ಒತ್ತುತ್ತದೆ. ವಾಚು ಒಂದು ಕಡೆ ವಾಲುತ್ತದೆ. ಗಿರಾಕಿ ಬಂದು "ಟೈಟೂ ಆಗಲ್ಲ, ಲೂಸೂ ಆಗಲ್ಲ, ಏನೋ ಸರಿ ಇಲ್ಲ" ಅಂದರೆ ಇದೇ ಕಾರಣ.

ಮೊದಲು ಬಾಲದ ವಿಷಯ, ಅದು ಸುಲಭ. ಕಟ್ಟರಿನಲ್ಲಿ ನೇರವಾಗಿ ಕತ್ತರಿಸಿದರೆ ಅರ್ಧರ್ಧ ತಂತಿಗಳು ಮೊನೆ ಚಾಚಿಕೊಂಡು ನಿಲ್ಲುತ್ತವೆ. ಅರ ಹಾಕಿದರೆ ಆ ಚೂರುಗಳು ಇವತ್ತೊಂದು ನಾಳೆಯೊಂದು ಉದುರುತ್ತವೆ. ಒಬ್ಬರು ಮೇಡಂ ಸೀರೆ ಸೆರಗಿನ ಎಳೆ ಕಿತ್ತುಬಂದಿದ್ದನ್ನು ತಂದು ತೋರಿಸಿದರು. ಗಮ್ ಹಚ್ಚಿ ನೋಡಿದೆ. ಬೆವರಿಗೆ ಬೆಳ್ಳಗಾಗಿ ಪುಡಿಯಾಯಿತು.

ಐ ಗ್ಲಾಸ್ (ಕಣ್ಣಿಗೆ ಹಾಕುವ ಭೂತಗನ್ನಡಿ) ಹಾಕಿ ನೋಡಿದರೆ ದಾರಿ ಕಾಣುತ್ತದೆ. ಮೆಶ್ ಅಂದರೆ ಬಟ್ಟೆ ಅಲ್ಲ, ಅಡ್ಡಡ್ಡ ಸುರುಳಿಗಳು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ, ಎಸ್ಟೇಟಿನ ಚೈನ್‌ಲಿಂಕ್ ಬೇಲಿ ಇದ್ದ ಹಾಗೆ. ಬೇಲಿಯಲ್ಲಿ ಒಂದು ಸುರುಳಿ ತೆಗೆದರೆ ಎರಡು ತುಂಡಾಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಇಲ್ಲೂ ಅಷ್ಟೇ. ಒಂದು ಸಾಲನ್ನು ಬಲಿ ಕೊಡಬೇಕು. ಆ ಸಾಲಿನ ಪ್ರತಿ ಸುತ್ತನ್ನೂ ಮೊನೆ ಕಟ್ಟರಿನಲ್ಲಿ ಕತ್ತರಿಸಿ, ಚೂರುಗಳನ್ನು ಟ್ವೀಜರಿನಲ್ಲಿ ಎತ್ತಿಹಾಕಬೇಕು. ಎರಡು ಅಂಚಿನಲ್ಲಿ ಸುರುಳಿಗಳ ತುದಿ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಅಲ್ಲಿ ಬಲಿ ಸಾಲಿಗೆ ಮಾತ್ರ ಸಣ್ಣ ಅರದಿಂದ ಗೀರು. ಅದರ ಹಿಂದಿನ ಸಾಲಿನ ಬೆಸುಗೆ ಮುಟ್ಟಿದಿರೋ, ಕೆಟ್ಟಿತು. ಆ ಬೆಸುಗೆಯೇ ಉಳಿದ ಮೆಶ್ಶನ್ನು ಹಿಡಿದಿಡುವುದು. 20 ಎಂ.ಎಂ. ಅಗಲದ ಸಣ್ಣ ನೇಯ್ಗೆಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಕಣ್ಣು ಉರಿಯುತ್ತದೆ. ಆದರೆ ತುದಿ ದುಂಡಗೆ ಬರುತ್ತದೆ, ಬೆರಳು ಸವರಿದರೆ ಚುಚ್ಚುವುದಿಲ್ಲ. ಬಾಲದ ತುದಿಯಲ್ಲಿದ್ದ ತಡೆ ಹೋಗಿರುತ್ತದೆ, ಲಾಕ್ ಎತ್ತಿದರೆ ಬಕಲ್ ಪೂರ್ತಿ ಕೈಗೆ ಬರುತ್ತದೆ ಅಂತ ಗಿರಾಕಿಗೆ ಹೇಳಿಬಿಡಿ.

ಗಿಡ್ಡ ತುಂಡಿನಲ್ಲಿ ಇದು ಸಾಲದು. ಅದಕ್ಕೆ ಒಂದು ತುದಿಯಲ್ಲಿ ಸ್ಪ್ರಿಂಗ್ ಬಾರ್ (ಚೈನನ್ನು ವಾಚಿಗೆ ಹಿಡಿದಿಡುವ ಕಡ್ಡಿ) ಹೋಗುವ ಕೊಳವೆ, ಇನ್ನೊಂದರಲ್ಲಿ ಬಕಲ್ ಕಚ್ಚುವ ಅಡ್ಡಕಡ್ಡಿ. ನಾನು ಕೊಳವೆ ಬಿಚ್ಚಿ, ಬೇಕಾದಷ್ಟು ಸಾಲು ತೆಗೆದು, ಮತ್ತೆ ಕೊಳವೆ ಬೆಸೆಯುತ್ತೇನೆ. ಹೇಳೋಕೆ ಒಂದು ಸಾಲು. ದುಡ್ಡು ಹೋಗಿದ್ದು ಇಲ್ಲೇ.

ರೇಡಿಯೋ ರಿಪೇರಿಯ ಸೀಸದ ಬೆಸುಗೆ ಸ್ಟೀಲಿನ ಮೇಲೆ ಗುಂಡಗೆ ಉರುಳಿ ಹೋಯಿತು. ಆಸಿಡ್ ಹಚ್ಚಿದರೆ ಹಿಡಿಯಿತು, ಎರಡು ವಾರದಲ್ಲಿ ಬಿಟ್ಟಿತು. ಗಿರಾಕಿಯ ವಾಚು ಬಸ್ಸಿನಲ್ಲಿ ಬಿದ್ದು ಗ್ಲಾಸ್ ಒಡೆಯಿತು. ಗ್ಲಾಸೂ ನನ್ನದೇ, ಹೊಸ ಚೈನೂ ನನ್ನದೇ, 1,400 ಹೋಯಿತು. ಆಮೇಲೆ ಪರಿಚಯದ ಆಚಾರ್ರ ಹತ್ತಿರ ಹೋದೆ. ಅವರು ಬಿಳಿಗಾರ ಹಾಕಿ ಬೆಳ್ಳಿ ಬೆಸುಗೆ ಇಟ್ಟು ಊದಿದರು. ಹರಿಯಲೇ ಇಲ್ಲ. "ಇದು ಬೆಳ್ಳಿ ಅಲ್ಲ ಕಣಯ್ಯ, ಸ್ಟೀಲು. ಬಿಳಿಗಾರಕ್ಕೆ ಬಗ್ಗಲ್ಲ" ಅಂದರು. ನಿಜ. ಸ್ಟೇನ್‌ಲೆಸ್ ಮೇಲೆ ಕ್ರೋಮಿಯಂ ಆಕ್ಸೈಡಿನ ಪೊರೆ ಇರುತ್ತದೆ, ಅದು ಬಿಡದೆ ಬೆಸುಗೆ ಅಂಟುವುದಿಲ್ಲ. ಬರಿ ಬಿಳಿಗಾರಕ್ಕೆ ಅದು ಬಿಡುವುದಿಲ್ಲ.

ದಾರಿ ಸಿಕ್ಕಿದ್ದು ಫ್ರಿಜ್ ಮೆಕ್ಯಾನಿಕ್ ಹತ್ತಿರ. ಅವರು ಬಳಸುವ ಬೆಳ್ಳಿ ರಾಡು, ಅದಕ್ಕೆ ಬರುವ ಬಿಳಿ ಫ್ಲಕ್ಸ್ ಪೇಸ್ಟ್, ಅಂದರೆ ಬೆಸುಗೆ ಹಿಡಿಯಲಿ ಅಂತ ಮೊದಲು ಹಚ್ಚುವ ಮದ್ದು. ಸುಮಾರು 45 ಪರ್ಸೆಂಟ್ ಬೆಳ್ಳಿಯ ರಾಡು ತಗೊಳ್ಳಿ, ಕಡಿಮೆ ಬೆಳ್ಳಿಯದ್ದಕ್ಕೆ ಬೆಂಕಿ ಜಾಸ್ತಿ ಬೇಕು. ಕ್ಯಾಡ್ಮಿಯಂ ಇಲ್ಲದ್ದನ್ನೇ ಕೇಳಿ. ಪೇಸ್ಟಿನಲ್ಲಿ ಫ್ಲೋರೈಡ್ ಇರುತ್ತದೆ, ಹೊಗೆ ಕೆಟ್ಟದ್ದು, ಅಂಗಡಿ ಒಳಗೆ ಬೆಂಕಿ ಹಚ್ಚಬೇಡಿ. ನಾನು ಹಿಂದಿನ ಹಿತ್ತಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ಮಾಡುತ್ತೇನೆ. ರಾಡು, ಪೇಸ್ಟು, ಚಿಕ್ಕ ಗ್ಯಾಸ್ ಟಾರ್ಚು ಸೇರಿ 1,500ರ ಒಳಗೆ ಆಯಿತು.

ಬೆಸುಗೆ ಹರಿಯಿತು. ಜಾಸ್ತಿಯೇ ಹರಿಯಿತು! ಕರಗಿದ ಬೆಳ್ಳಿ ತಂತಿ ಸಂದಿಗಳಲ್ಲಿ ಏರಿಕೊಂಡು ಅರ್ಧ ಇಂಚು ಮೆಶ್ ಗಟ್ಟಿ ಪಟ್ಟಿಯಾಯಿತು, ಬಗ್ಗಿಸಿದರೆ ಲಟಕ್ ಅಂತ ಮುರಿಯಿತು. ಬೆಂಗಳೂರಿನಿಂದ ಸಗಟಿಗೆ ತರಿಸಿದ ಅಗ್ಗದ ಚೈನುಗಳ ಒಂದು ಕಟ್ಟು ಹೀಗೇ ಮುಗಿಯಿತು. ಎರಡೂವರೆ ಮೂರು ಸಾವಿರದ ಮಾಲು. ಮನೆಯಲ್ಲಿ ಲೆಕ್ಕ ಹೇಳಲಿಲ್ಲ.

ಇದಕ್ಕೆ ಎರಡು ಮದ್ದು. ಒಂದು, ಕಾವಿ. ಬೆಸುಗೆ ಎಲ್ಲಿ ನಿಲ್ಲಬೇಕೋ ಅಲ್ಲಿಂದ ಹಿಂದಕ್ಕೆ ಕಾವಿಮಣ್ಣನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ, ಒಣಗಿಸಿ. ಬೆಳ್ಳಿ ಅದನ್ನು ದಾಟುವುದಿಲ್ಲ. ಇನ್ನೊಂದು, ಆಲೂಗಡ್ಡೆ. ಹರಳಿನ ಉಂಗುರಕ್ಕೆ ಬೆಂಕಿ ಇಡುವಾಗ ಹರಳಿಗೆ ಶಾಖ ತಾಗಬಾರದು ಅಂತ ಹಸಿ ಆಲೂಗಡ್ಡೆಗೆ ಚುಚ್ಚಿಡುವುದು ಅಕ್ಕಸಾಲಿಗರ ಹಳೆಯ ಉಪಾಯ, ಆಚಾರ್ರೇ ಹೇಳಿಕೊಟ್ಟಿದ್ದು. ದಪ್ಪ ಆಲೂಗಡ್ಡೆಯನ್ನು ಅರ್ಧ ಮಾಡಿ, ಚಾಕುವಿನಿಂದ ಸೀಳು ಹಾಕಿ, ಮೆಶ್ ತುಂಡನ್ನು ಇಳಿಬಿಡಿ. ಬೆಸೆಯುವ ತುದಿ ಮೇಲೆ ಒಂದು ಸೆಂಟಿಮೀಟರ್ ಇರಲಿ. ಅದಕ್ಕಿಂತ ಕಡಿಮೆ ಬಿಟ್ಟರೆ ಆಲೂಗಡ್ಡೆಯೇ ಶಾಖ ಕುಡಿದುಬಿಡುತ್ತದೆ, ಬೆಸುಗೆ ಕರಗುವುದಿಲ್ಲ. ಒಂದು ಹೋಳು ಒಂದೇ ಚೈನಿಗೆ. ಹಾಸನದಲ್ಲಿ ಆಲೂಗಡ್ಡೆಗೇನು ಬರವೇ? ನೆಲ್ಲಿಕಾಯಿ ಇಟ್ಟೂ ನೋಡಿದ್ದೇನೆ ಅಂದರೆ ನಗಬೇಡಿ. ನೆಲ್ಲಿಕಾಯಿ ಸಿಡಿಯಿತು.

ಟಾರ್ಚು ಕೊಳವೆಗೆ ತೋರಿಸಿ, ಮೆಶ್ಶಿಗಲ್ಲ. ಕೊಳವೆ ಮಂಕು ಕೆಂಪಗಾದ ಕೂಡಲೇ ರಾಡು ಮುಟ್ಟಿಸಿದರೆ ಸಾಕು, ತಾನೇ ಎಳೆದುಕೊಳ್ಳುತ್ತದೆ. ಕೊಳವೆ ನೇರ ನಿಲ್ಲಿಸೋಕೆ ನನ್ನದೊಂದು ಜಿಗ್ ಇದೆ. ಅದರ ಫೋಟೋ ಕೊಡಲ್ಲ, ಬೇಜಾರು ಮಾಡ್ಕೋಬೇಡಿ. ಬೆಂಕಿ ತಾಗಿ ನೀಲಿ, ಹೊಂಬಣ್ಣ ಬಂದದ್ದನ್ನು ಯಾವುದರಲ್ಲಿ ನೆನೆಹಾಕಿ ತೆಗೆಯುತ್ತೇನೆ ಅನ್ನುವುದೂ ನನ್ನ ಹತ್ತಿರವೇ ಇರಲಿ. ಆದರೆ ಫ್ಲಕ್ಸ್ ತೊಳೆಯುವುದರಲ್ಲಿ ಸೋಮಾರಿತನ ಬೇಡ. ಬಿಸಿನೀರಲ್ಲಿ ಕುದಿಸಿ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ. ಫ್ಲಕ್ಸ್ ಉಳಿದ ಜಾಗ ಸಕಲೇಶಪುರದ ಮಳೆಗೆ ಸಿಕ್ಕರೆ ಒಂದೇ ತಿಂಗಳಲ್ಲಿ ಕಂದು ಕಲೆ.

ಮಧ್ಯೆ ಒಂದು ಅಡ್ಡದಾರಿ ಹಿಡಿದಿದ್ದೆ. ಕೊಳವೆ ಗಲಾಟೆಯೇ ಬೇಡ, ಮ್ಯಾಗ್ನೆಟ್ ತುದಿಯ ಮೆಶ್ ಹಾಕಿಬಿಡೋಣ ಅಂತ. ಅದಕ್ಕೆ ಗಿಡ್ಡ ತುಂಡೇ ಇಲ್ಲ, ಯಾವ ಕೈಗಾದರೂ ಕೂರುತ್ತದೆ. ಬ್ಯಾಟರಿ ವಾಚಿಗೆ ಪರವಾಗಿಲ್ಲ. ಒಬ್ಬರು ರಿಟೈರ್ಡ್ ಮೇಷ್ಟ್ರ ಕೀಲಿ ಕೊಡುವ ಎಚ್‌ಎಂಟಿ ಜನತಾಗೆ ಹಾಕಿಕೊಟ್ಟೆ. ರಾತ್ರಿ ವಾಚು ಬಿಚ್ಚಿ ಚೈನನ್ನು ಅದರ ಸುತ್ತಲೇ ಸುತ್ತಿಡುವುದು ಅವರ ಅಭ್ಯಾಸ. ದಿನಕ್ಕೆ ಹತ್ತು ನಿಮಿಷ ಮುಂದೆ ಓಡತೊಡಗಿತು. ವಾಚಿನ ಓಟ ಹಿಡಿತದಲ್ಲಿಡುವ ಸಣ್ಣ ಸುರುಳಿ, ಹೇರ್‌ಸ್ಪ್ರಿಂಗ್, ಮ್ಯಾಗ್ನೆಟ್ ಹಿಡಿದು ಅದರ ಸುತ್ತುಗಳು ಅಂಟಿಕೊಂಡಿದ್ದವು. ಡೀಮ್ಯಾಗ್ನೆಟೈಸ್ ಮಾಡಿದ ಮೇಲೆ ಸರಿಹೋಯಿತು. ಕೀಲಿ ವಾಚಿಗೆ ಅವತ್ತಿಂದ ಮ್ಯಾಗ್ನೆಟ್ ಬಂದ್.

ರೇಟು ಹೇಳಿಬಿಡುತ್ತೇನೆ, ಕೇಳುವವರು ಇದ್ದೇ ಇರುತ್ತೀರಿ. ಬಾಲಕ್ಕೆ 200, ಗಿಡ್ಡ ತುಂಡಿಗೆ 450. ಹಾಸನಕ್ಕೆ ಜಾಸ್ತಿ ಆಯ್ತು ಅಂತಾರೆ. 500ರ ಚೈನಿಗೆ ಇದು ಬೇಡ, ಹೊಸದೇ ತಗೊಳ್ಳಿ ಅಂತ ನಾನೇ ಹೇಳುತ್ತೇನೆ. ಎರಡು ಮೂರು ಸಾವಿರದ ಚೈನು, ಇಲ್ಲ ಯಾರೋ ಪ್ರೀತಿಯಿಂದ ಕೊಟ್ಟದ್ದು ಅಂದರೆ ಜನ ಕೊಡುತ್ತಾರೆ. ಕಪ್ಪು, ಚಿನ್ನದ ಬಣ್ಣದ ಕೋಟಿಂಗ್ ಇರುವುದಕ್ಕೆ ಬೆಂಕಿ ಇಡಲ್ಲ, ಬಣ್ಣ ಸುಟ್ಟುಹೋಗುತ್ತದೆ. ಅವಕ್ಕೆ ಬಾಲ ಮಾತ್ರ. ಲೇಡೀಸ್ ವಾಚಿನ 12 ಎಂ.ಎಂ. ಮೆಶ್ ಇನ್ನೂ ಕೈಗೆ ಹತ್ತಿಲ್ಲ. ಅಲ್ಲಿ ಕಾವಿ ಹಚ್ಚುವಷ್ಟು ಜಾಗವೇ ಉಳಿಯುವುದಿಲ್ಲ. ಸದ್ಯ ಪೆನ್ಸಿಲ್ ಸೀಸ ಉಜ್ಜಿ ನೋಡುತ್ತಿದ್ದೇನೆ.