ಸಸ್ಯಾಹಾರಿಗಳು ಜಪಾನಿ ಹೋಟೆಲಿನಲ್ಲಿ ಊಟ ಮಾಡುವ ಬಗೆ

ಮಕ್ಕಳ ಮನೆಗೆಂದು ಹುಬ್ಬಳ್ಳಿ-ಧಾರವಾಡದಿಂದ ಬೆಂಗಳೂರಿಗೆ ಹೋದ ಹಿರಿಯರನ್ನು ಈಗೀಗ ಜಪಾನಿ ಹೋಟೆಲಿಗೂ ಕರೆದೊಯ್ಯುತ್ತಾರೆ. ಅಲ್ಲಿ ಹಸಿ ಮೀನು ಕಣ್ಣಿಗೆ ಕಾಣುವುದರಿಂದ ಅದನ್ನು ಬಿಡುವುದು ಸುಲಭ. ಕಾಣದ ಮೀನು ಇರುವುದು ಸಾರಿನಲ್ಲಿ. ಹೋಳಿಗೆಯ ದಿನ ನಾವು ಬೇಳೆ ಬಸಿದ ಕಟ್ಟಿನಿಂದ ಸಾರು ಮಾಡುವಂತೆ, ಅವರ ಅನೇಕ ಸಾರುಗಳಿಗೆ ‘ದಾಶಿ’ ಎಂಬ ತಿಳಿಯೇ ಆಧಾರ. ಕೊಂಬು ಎಂಬ ಕಡಲಪಾಚಿಯನ್ನೂ, ಬೇಯಿಸಿ ಹೊಗೆಯಲ್ಲಿ ಒಣಗಿಸಿದ ಮೀನಿನ ತೆಳುವಾದ ಹೆರೆತವನ್ನೂ ನೀರಿಗೆ ಹಾಕಿ, ಅವುಗಳ ಸಾರವನ್ನು ಇಳಿಸಿ ಅದನ್ನು ಸಿದ್ಧಪಡಿಸುತ್ತಾರೆ.

ನಮ್ಮ ತಾಯಿಯವರ ಮುಂದೆ ಮಿಸೊ ಸೂಪು (ದಾಶಿಯಲ್ಲಿ ಹುದುಗಿಸಿದ ಸೋಯಾ ಮುದ್ದೆ ಕದಡಿದ ಸಾರು) ಬಂದಾಗ ಅದರಲ್ಲಿ ತೇಲುತ್ತಿದ್ದುದು ನಾಲ್ಕು ತುಂಡು ತೋಫು ಎಂಬ ಸೋಯಾ ಪನೀರು ಮತ್ತು ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ ತಪ್ಪಲು ಮಾತ್ರ. ಇದು ವೆಜ್ ಎಂದು ಬಡಿಸುವ ಹುಡುಗ ಹೇಳಿಯೂ ಇದ್ದ. ದಾಶಿ ಯಾವುದರದು ಎಂದು ನಾನು ಕೇಳಿದ ಮೇಲೆ ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದವನು, ಮಾತಿಲ್ಲದೆ ಬಟ್ಟಲನ್ನು ಎತ್ತಿಕೊಂಡು ಹೋದ. ಆದ್ದರಿಂದ ‘ಇದು ವೆಜ್ಜೇ?’ ಎಂದು ಕೇಳದೆ, ‘ದಾಶಿಯಲ್ಲಿ ಮೀನು ಇದೆಯೇ?’ ಎಂದೇ ಕೇಳಬೇಕು. ಸಾಧ್ಯವಾದರೆ ಹಿಂದಿನ ದಿನವೇ ಫೋನ್ ಮಾಡಿ ಕೊಂಬು ಒಂದರಿಂದಲೇ ದಾಶಿ ಮಾಡಿಕೊಡುವಿರಾ ಎಂದು ವಿಚಾರಿಸಬೇಕು. ಹೀಗೆ ಕೇಳುವುದರಲ್ಲಿ ಸಂಕೋಚ ಬೇಡ. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಅವರು ‘ಉಮಾಮಿ’ ಎಂಬ, ಸಾರಿಗೆ ತುಂಬು ಸವಿ ಕೊಡುವ ರುಚಿಯ ಮೂಲವನ್ನು ಗುರುತಿಸಿದ್ದು ಈ ಕೊಂಬುವಿನಲ್ಲಿಯೇ; ಅಲ್ಲಿನ ಬೌದ್ಧ ಮಠಗಳ ಅಡುಗೆಯಲ್ಲಿ ಮೀನಿಲ್ಲದ ದಾಶಿಯೇ ರೂಢಿ.

ಉಡಾನ್ ಶಾವಿಗೆಯ ಸಾರಿಗೂ, ತೆಂಪುರಾ ಅದ್ದಿಕೊಳ್ಳುವ ರಸಕ್ಕೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ತರಕಾರಿ ತೆಂಪುರಾ ನಮ್ಮ ಭಜಿಯಂತೆಯೇ ಕಂಡರೂ ಅದರ ಹಿಟ್ಟಿನಲ್ಲಿ ತತ್ತಿ ಇರಬಹುದು, ಅದನ್ನೂ ಕೇಳಿಕೊಳ್ಳಿ. ಸವತೆಕಾಯಿ ತುಂಬಿದ ಕಪ್ಪಾ ಮಾಕಿ ಎಂಬ ಸುಶಿ (ಹುಳಿ ಬೆರೆಸಿದ ಅನ್ನದ ಸುರುಳಿ), ಉಪ್ಪು ಹಾಕಿ ಬೇಯಿಸಿದ ಎಡಮಾಮೆ ಎಂಬ ಎಳೆ ಸೋಯಾಕಾಯಿ, ಇವುಗಳಿಂದ ಊಟ ಆರಂಭಿಸುವುದು ಒಳ್ಳೆಯದು. ಕುದಿಸಿದ ತೊಗರಿಕಾಯಿ ತಿಂದು ಬಲ್ಲವರಿಗೆ ಎಡಮಾಮೆ ತಿನ್ನುವುದನ್ನು ಕಲಿಸಬೇಕಾಗಿಲ್ಲ: ಕಾಳು ಬಾಯಿಗೆ, ಸಿಪ್ಪೆ ಪಕ್ಕಕ್ಕೆ.

ತಟ್ಟೆಯ ಅಂಚಿನಲ್ಲಿರುವ ಹಸಿರು ಉಂಡೆ ವಾಸಾಬಿ. ಚಟ್ನಿಯೆಂದು ಭಾವಿಸಿ ರೊಟ್ಟಿಗೆ ಹಚ್ಚಿದಂತೆ ಹಚ್ಚಿಕೊಳ್ಳಬಾರದು. ಮೆಣಸಿನಕಾಯಿಯ ಖಾರ ನಾಲಿಗೆಯ ಮೇಲೆ ನಿಂತರೆ, ಇದರ ಘಾಟು ನೇರವಾಗಿ ಮೂಗಿಗೇರುತ್ತದೆ. ಸಾಸಿವೆ ಕಾಳಿನಷ್ಟು ಸಾಕು. ಪಕ್ಕದಲ್ಲಿರುವ ತೆಳುವಾದ ಹಸಿಶುಂಠಿ ಉಪ್ಪಿನಕಾಯಿಯನ್ನು ಸುಶಿಯ ಮೇಲಿಡದೆ, ಒಂದು ಬಗೆ ಮುಗಿಸಿ ಇನ್ನೊಂದಕ್ಕೆ ಹೋಗುವ ನಡುವೆ ಬಾಯಿ ತಿಳಿಯಾಗಲೆಂದು ತಿನ್ನಬೇಕು.

ಸುಶಿಯನ್ನು ಕೈಯಿಂದ ತಿನ್ನುವುದು ಜಪಾನಿನಲ್ಲಿಯೂ ಒಪ್ಪಿತವಾದ ಪದ್ಧತಿ. ಉಳಿದವಕ್ಕೆ ಊಟದ ಜೋಡಿ ಕಡ್ಡಿ (ಚಾಪ್‌ಸ್ಟಿಕ್) ಹಿಡಿಯುವುದಾದರೆ, ಕೆಳಗಿನದನ್ನು ಹೆಬ್ಬೆರಳಿನ ಬುಡ ಮತ್ತು ಉಂಗುರ ಬೆರಳಿನ ಮೇಲೆ ಅಲುಗದಂತೆ ಕೂರಿಸಿ, ಮೇಲಿನದನ್ನಷ್ಟೇ ತೋರುಬೆರಳು, ನಡುಬೆರಳುಗಳಿಂದ ಆಡಿಸಬೇಕು. ಆ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿಡಬೇಡಿ. ಸತ್ತವರ ಮುಂದೆ ಅನ್ನದ ಬಟ್ಟಲಿಡುವಾಗ ಜಪಾನಿಯರು ಹಾಗೆ ಮಾಡುತ್ತಾರೆ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸುವುದೂ ಬೇಡ, ಏಕೆಂದರೆ ದಹನದ ನಂತರ ಬಂಧುಗಳು ಅಸ್ಥಿಯನ್ನು ಎತ್ತುವುದು ಆ ರೀತಿಯಲ್ಲಿಯೇ. ಮನೆಯವರಿಗೆ ರುಚಿ ತೋರಿಸಬೇಕೆನಿಸಿದರೆ ಅವರ ತಟ್ಟೆಗೇ ಬಡಿಸಿ.