ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರವೇಶಕ್ಕೆ ಹೈಸ್ಕೂಲ್ ಮಕ್ಕಳನ್ನು ಅಣಿಗೊಳಿಸುವ ಬಗೆ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಮ್ಮ ಎಷ್ಟೋ ಕುಟುಂಬಗಳಲ್ಲಿ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಪ್ರವೇಶದ ಮಾತು ಗಂಭೀರವಾಗಿ ಆರಂಭವಾಗುವುದು ಮಗು ಹನ್ನೊಂದನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ. ಆ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದುಹೋಗಿರುತ್ತದೆ, ಅಥವಾ ಕೆಟ್ಟುಹೋಗಿರುತ್ತದೆ. ಯುಸಿ ಪ್ರವೇಶಕ್ಕಾಗಿ ಲೆಕ್ಕ ಹಾಕುವ ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ, ಒಂಬತ್ತನೇ ತರಗತಿ ಮುಗಿದ ಬೇಸಿಗೆಯಿಂದ ಹನ್ನೊಂದನೇ ತರಗತಿ ಮುಗಿದ ಬೇಸಿಗೆಯವರೆಗಿನ ಗ್ರೇಡುಗಳು ಮಾತ್ರ ಸೇರುತ್ತವೆ. ಆದ್ದರಿಂದ ಈ ಸಿದ್ಧತೆಯನ್ನು ಒಂಬತ್ತನೇ ತರಗತಿಗೆ ವಿಷಯಗಳನ್ನು ಆರಿಸುವ ದಿನದಿಂದಲೇ ಆರಂಭಿಸಬೇಕು.

ಸರ್ಕಾರಿ ವಿಶ್ವವಿದ್ಯಾಲಯವೆಂದರೆ ಸೀಟು ಸುಲಭವಾಗಿ ಸಿಗುತ್ತದೆ ಎಂಬ ಭಾವನೆಯನ್ನು ಮೊದಲು ಬಿಡಬೇಕು. ಪದವಿ ಓದಿಗೆ ಅವಕಾಶವಿರುವ ಯುಸಿ ಕ್ಯಾಂಪಸ್‌ಗಳು ಒಂಬತ್ತು. 1868ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಮೂಲ ನೆಲೆಯಾದ ಬರ್ಕ್‌ಲಿಯಿಂದ ಹಿಡಿದು 2005ರಲ್ಲಿ ಬಾಗಿಲು ತೆರೆದ ಮರ್ಸೆಡ್‌ವರೆಗೆ ಅವುಗಳ ನಡುವೆ ಬಹಳ ವ್ಯತ್ಯಾಸವಿದೆ. 2024ರಲ್ಲಿ ಲಾಸ್ ಏಂಜಲೀಸ್ ಕ್ಯಾಂಪಸ್ ಒಂದಕ್ಕೇ ಮೊದಲ ವರ್ಷದ ಪ್ರವೇಶ ಕೋರಿ ಸುಮಾರು 1.46 ಲಕ್ಷ ಅರ್ಜಿಗಳು ಬಂದಿದ್ದವು, ನೂರಕ್ಕೆ ಸುಮಾರು ಒಂಬತ್ತು ಮಂದಿಗೆ ಮಾತ್ರ ಪ್ರವೇಶ ದೊರೆಯಿತು. ರಾಜ್ಯದ ನಿವಾಸಿಗಳಿಗೆ 3.0, ಹೊರಗಿನವರಿಗೆ 3.4 ಎಂದು ನಿಗದಿಯಾಗಿರುವ ಕನಿಷ್ಠ ಜಿಪಿಎ ಅರ್ಜಿ ಹಾಕುವ ಅರ್ಹತೆಯನ್ನಷ್ಟೇ ಕೊಡುತ್ತದೆ. ಅದನ್ನು ಪ್ರವೇಶದ ಗೆರೆಯೆಂದು ತಿಳಿದವರಿಗೆ ಮಾರ್ಚ್ ತಿಂಗಳಲ್ಲಿ ಫಲಿತಾಂಶ ಬಂದಾಗ ನಿರಾಸೆ ತಪ್ಪುವುದಿಲ್ಲ.

ಪಿಯುಸಿ ಅಂಕ ಮತ್ತು ಸಿಇಟಿ ರ್ಯಾಂಕ್ ನೋಡಿ ಬೆಳೆದ ನಮಗೆ ಒಂದು ಪರೀಕ್ಷೆಯಲ್ಲಿ ಎಲ್ಲವೂ ತೀರ್ಮಾನವಾಗುತ್ತದೆ ಎಂಬ ನಂಬಿಕೆ ರಕ್ತದಲ್ಲೇ ಬಂದಿದೆ. ಇಲ್ಲಿ ಅಂಥ ಪರೀಕ್ಷೆಯೇ ಇಲ್ಲ. ಎಸ್‌ಎಟಿ ಮತ್ತು ಎಸಿಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಗಳನ್ನು ಕೈಬಿಡುವ ದಾರಿಯನ್ನು ವಿಶ್ವವಿದ್ಯಾಲಯದ ಆಡಳಿತ ಮಂಡಳಿ 2020ರ ಮೇ ತಿಂಗಳಲ್ಲಿ ಹಿಡಿಯಿತು, ಈಗ ಪ್ರವೇಶದ ನಿರ್ಧಾರಕ್ಕೆ ಆ ಅಂಕಗಳನ್ನು ನೋಡುವುದೇ ಇಲ್ಲ. ಬೇರೆ ವಿಶ್ವವಿದ್ಯಾಲಯಗಳಿಗೂ ಅರ್ಜಿ ಹಾಕುವ ಮಗುವಿಗೆ ಎಸ್‌ಎಟಿ ಬೇಕಾಗಬಹುದು, ಆದರೆ ಯುಸಿಯೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ವಾರಾಂತ್ಯಗಳನ್ನೆಲ್ಲ ಕೋಚಿಂಗ್‌ಗೆ ಕೊಡುವುದು ವ್ಯರ್ಥ. ಅಧ್ಯಾಪಕರ ಶಿಫಾರಸು ಪತ್ರಗಳನ್ನೂ ಸಾಮಾನ್ಯವಾಗಿ ಕೇಳುವುದಿಲ್ಲ. ತಂದೆತಾಯಿ ಅಲ್ಲೇ ಓದಿದವರೆಂಬ ಕಾರಣಕ್ಕೆ ಯಾರಿಗೂ ಮನ್ನಣೆ ಇಲ್ಲ. ಜನಾಂಗ ಮತ್ತು ಲಿಂಗವನ್ನು ಪರಿಗಣಿಸದಂತೆ 1996ರಲ್ಲಿ ರಾಜ್ಯದ ಮತದಾರರು ಅಂಗೀಕರಿಸಿದ ಪ್ರಾಪೊಸಿಷನ್ 209 ತಡೆಯುತ್ತದೆ. ಉಳಿಯುವುದು ಮಗು ಏನನ್ನು ಓದಿತು, ಹೇಗೆ ಓದಿತು, ಓದಿನ ಹೊರಗೆ ಏನು ಮಾಡಿತು ಮತ್ತು ಅದನ್ನು ತನ್ನ ಮಾತಿನಲ್ಲಿ ಹೇಗೆ ಹೇಳಿತು ಎಂಬುದು. ಇದೆಲ್ಲವನ್ನೂ ಹದಿಮೂರು ಅಂಶಗಳ ಪಟ್ಟಿಯೊಂದನ್ನು ಮುಂದಿಟ್ಟುಕೊಂಡು, ಆ ಮಗುವಿನ ಶಾಲೆಯಲ್ಲಿ ಯಾವ ಅವಕಾಶಗಳಿದ್ದವು ಎಂಬ ಹಿನ್ನೆಲೆಯಲ್ಲಿ ಓದುತ್ತಾರೆ. ಕಾಲೇಜು ಮಟ್ಟದ ಪಾಠವಿರುವ ಎಪಿ ತರಗತಿಗಳು ಐದೇ ಇರುವ ಶಾಲೆಯಲ್ಲಿ ನಾಲ್ಕನ್ನು ಓದಿದವರನ್ನು, ಇಪ್ಪತ್ತೈದು ಎಪಿ ತರಗತಿಗಳಿರುವ ಶಾಲೆಯಲ್ಲಿ ನಾಲ್ಕನ್ನು ಓದಿದವರೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಪಕ್ಕದ ಊರಿನ ಶಾಲೆಯ ಮಗುವಿನೊಂದಿಗೆ ನಮ್ಮ ಮಗುವನ್ನು ಹೋಲಿಸುತ್ತ ಕೂರುವ ಅಭ್ಯಾಸವನ್ನು ಬಿಡಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ವಿಷಯಗಳ ಆಯ್ಕೆ

ಯುಸಿ ಕೇಳುವ ವಿಷಯಗಳ ಚೌಕಟ್ಟಿಗೆ ಎ–ಜಿ ಎಂದು ಹೆಸರು. ಇತಿಹಾಸ ಎರಡು ವರ್ಷ, ಇಂಗ್ಲಿಷ್ ನಾಲ್ಕು ವರ್ಷ, ಗಣಿತ ಮೂರು ವರ್ಷ, ವಿಜ್ಞಾನ ಎರಡು ವರ್ಷ, ಇಂಗ್ಲಿಷ್ ಅಲ್ಲದ ಇನ್ನೊಂದು ಭಾಷೆ ಎರಡು ವರ್ಷ, ಕಲೆ ಒಂದು ವರ್ಷ, ಐಚ್ಛಿಕ ವಿಷಯ ಒಂದು ವರ್ಷ, ಹೀಗೆ ಒಟ್ಟು 15 ವಾರ್ಷಿಕ ಕೋರ್ಸ್‌ಗಳನ್ನು ಪೂರೈಸಬೇಕು. ಅವುಗಳಲ್ಲಿ 11 ಹನ್ನೆರಡನೇ ತರಗತಿಗೆ ಕಾಲಿಡುವ ಮೊದಲೇ ಮುಗಿದಿರಬೇಕು. ಗಣಿತವನ್ನು ನಾಲ್ಕು ವರ್ಷ, ವಿಜ್ಞಾನ ಮತ್ತು ಭಾಷೆಯನ್ನು ಮೂರು ಮೂರು ವರ್ಷ ಓದುವುದು ಒಳ್ಳೆಯದೆಂದು ವಿಶ್ವವಿದ್ಯಾಲಯವೇ ಹೇಳುತ್ತದೆ. ಪೈಪೋಟಿ ಹೆಚ್ಚಿರುವ ಕ್ಯಾಂಪಸ್‌ಗಳ ಮಟ್ಟಿಗೆ ಈ ಸಲಹೆಯನ್ನು ಕಡ್ಡಾಯ ಎಂದೇ ತಿಳಿದು ನಡೆಯುವುದು ಕ್ಷೇಮ.

ಪೋಷಕರು ಎಡವುವ ಜಾಗ ಒಂದಿದೆ. ಹೈಸ್ಕೂಲ್ ಮುಗಿಸಲು ಶಾಲೆ ಕೇಳುವ ವಿಷಯಗಳೂ ಎ–ಜಿ ಪಟ್ಟಿಯೂ ಒಂದೇ ಅಲ್ಲ. ಶಾಲೆಯಲ್ಲಿ ನಡೆಯುವ ಪ್ರತಿಯೊಂದು ಕೋರ್ಸ್‌ಗೂ ಯುಸಿ ಮಾನ್ಯತೆ ಇರಬೇಕೆಂದಿಲ್ಲ. ಪ್ರತಿ ಶಾಲೆಯ ಮಾನ್ಯ ಕೋರ್ಸ್‌ಗಳ ಪಟ್ಟಿಯನ್ನು ಯುಸಿ ಅಂತರ್ಜಾಲದಲ್ಲಿ ಪ್ರಕಟಿಸುತ್ತದೆ. ಫೆಬ್ರುವರಿಯ ಸುಮಾರಿಗೆ ಮುಂದಿನ ವರ್ಷದ ವಿಷಯಗಳನ್ನು ಆರಿಸುವ ನಮೂನೆ ಮನೆಗೆ ಬಂದಾಗ, ಆ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಗುರುತು ಹಾಕಿ, ಅನುಮಾನವಿದ್ದರೆ ಶಾಲೆಯ ಕೌನ್ಸೆಲರ್ ಅವರನ್ನು ಕೇಳಬೇಕು. ವಿಜ್ಞಾನ ಮತ್ತು ಗಣಿತದ ಭರಾಟೆಯಲ್ಲಿ ಒಂದು ವರ್ಷದ ಕಲೆಯ ಕೋರ್ಸ್ ಮರೆತುಹೋಗಿ, ಹನ್ನೆರಡನೇ ತರಗತಿಯಲ್ಲಿ ಅದಕ್ಕಾಗಿ ಮುಖ್ಯ ವಿಷಯವೊಂದನ್ನು ಬಿಡಬೇಕಾದ ಮಕ್ಕಳಿದ್ದಾರೆ.

ಪ್ರತಿ ಕೋರ್ಸ್‌ನಲ್ಲೂ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಬೇಕು. ಡಿ ಅಥವಾ ಎಫ್ ಬಂದರೆ ಆ ಕೋರ್ಸ್ ಅನ್ನು ಮತ್ತೆ ಓದಿ ಸರಿಪಡಿಸಿಕೊಳ್ಳಬಹುದು. ಸಿ ಬಂದಿದ್ದನ್ನು ಬಿ ಮಾಡಿಕೊಳ್ಳೋಣವೆಂದು ಮತ್ತೆ ಓದಿದರೆ ಯುಸಿ ಎರಡನೆಯ ಗ್ರೇಡನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂಬತ್ತನೇ ತರಗತಿಯ ಗ್ರೇಡುಗಳು ಜಿಪಿಎಗೆ ಸೇರದಿದ್ದರೂ ಅರ್ಜಿಯನ್ನು ಓದುವವರ ಕಣ್ಣಿಗೆ ಬೀಳುತ್ತವೆ, ಎ–ಜಿ ಲೆಕ್ಕಕ್ಕೂ ಬೇಕಾಗುತ್ತವೆ. ಆ ವರ್ಷ ಹೇಗಾದರೂ ಕಳೆಯಲಿ ಎನ್ನುವುದು ತಪ್ಪು, ಆದರೆ ಆಗ ಎಡವಿದ ಮಗು ಚೇತರಿಸಿಕೊಳ್ಳಲು ದಾರಿ ಇದೆ ಎಂಬುದೂ ನಿಜ.

ಜಿಪಿಎ ಲೆಕ್ಕ

ಶಾಲೆಯ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ, ಅಂದರೆ ಅಂಕಪಟ್ಟಿಯಲ್ಲಿ, ಅಚ್ಚಾಗಿರುವ ಜಿಪಿಎಯನ್ನು ಯುಸಿ ಬಳಸುವುದಿಲ್ಲ, ತನ್ನದೇ ಲೆಕ್ಕ ಹಾಕುತ್ತದೆ. ಎ–ಜಿ ಕೋರ್ಸ್‌ಗಳ ಸೆಮಿಸ್ಟರ್ ಗ್ರೇಡುಗಳಷ್ಟೇ ಬೇಕು. ಎಗೆ 4, ಬಿಗೆ 3, ಸಿಗೆ 2 ಅಂಶ; ಪ್ಲಸ್ ಮೈನಸ್‌ಗಳಿಗೆ ಬೆಲೆ ಇಲ್ಲ. ಎಪಿಯಂಥ ಕಠಿಣ ಕೋರ್ಸ್‌ನಲ್ಲಿ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಬಂದರೆ ಸೆಮಿಸ್ಟರಿಗೆ ಒಂದು ಹೆಚ್ಚುವರಿ ಅಂಶ ಸಿಗುತ್ತದೆ. ಹೀಗೆ ಒಟ್ಟು ಎಂಟು ಅಂಶಗಳವರೆಗೆ ಮಾತ್ರ ಸೇರಿಸುತ್ತಾರೆ, ಅದರಲ್ಲೂ ಹತ್ತನೇ ತರಗತಿಯಿಂದ ನಾಲ್ಕಕ್ಕಿಂತ ಹೆಚ್ಚು ಬರುವಂತಿಲ್ಲ. ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ಯುಸಿ ಒಪ್ಪಿದ, ಸಾಮಾನ್ಯಕ್ಕಿಂತ ಕಠಿಣವಾದ ಆನರ್ಸ್ ಕೋರ್ಸ್‌ಗಳಿಗೂ ಈ ಅಂಶ ಉಂಟು. ಬೇರೆ ರಾಜ್ಯದ ಶಾಲೆಗಳ ಆನರ್ಸ್ ಕೋರ್ಸ್‌ಗಳಿಗೆ ಇಲ್ಲ.

ಒಂದು ಉದಾಹರಣೆಯನ್ನು ಕೈಯಿಂದಲೇ ಲೆಕ್ಕ ಹಾಕೋಣ. ಹತ್ತು ಮತ್ತು ಹನ್ನೊಂದನೇ ತರಗತಿಗಳ ನಾಲ್ಕು ಸೆಮಿಸ್ಟರುಗಳಲ್ಲಿ ಐದೈದು ಎ–ಜಿ ಕೋರ್ಸ್‌ ಓದಿದ ವಿದ್ಯಾರ್ಥಿನಿಯೊಬ್ಬಳಿಗೆ ಒಟ್ಟು 20 ಗ್ರೇಡುಗಳಿವೆ. ಅವುಗಳಲ್ಲಿ 14 ಎ, 6 ಬಿ. ಅಂಶಗಳು 56 ಮತ್ತು 18, ಕೂಡಿದರೆ 74, ಇಪ್ಪತ್ತರಿಂದ ಭಾಗಿಸಿದರೆ 3.70. ಅವಳು ಹತ್ತನೇ ತರಗತಿಯಲ್ಲಿ ಎರಡು, ಹನ್ನೊಂದರಲ್ಲಿ ಎರಡು ಎಪಿ ಕೋರ್ಸ್‌ಗಳನ್ನು ಇಡೀ ವರ್ಷ ಓದಿದ್ದರೆ ಎಂಟು ಹೆಚ್ಚುವರಿ ಅಂಶ ಸೇರಿ 82 ಆಗುತ್ತದೆ, ಜಿಪಿಎ 4.10. ಅವಳ ಗೆಳತಿ ಇದೇ ಗ್ರೇಡುಗಳೊಂದಿಗೆ ಆರು ಎಪಿ ಓದಿದ್ದರೂ ಈ ಲೆಕ್ಕದಲ್ಲಿ 4.10ಕ್ಕಿಂತ ಮೇಲೇರುವುದಿಲ್ಲ. ಹೆಚ್ಚು ಎಪಿ ಓದಿದ್ದನ್ನು ಅರ್ಜಿ ಓದುವವರು ಗಮನಿಸುತ್ತಾರೆಂಬುದು ಸರಿ, ಆದರೆ ಐದನೆಯ ಮತ್ತು ಆರನೆಯ ಎಪಿಗಾಗಿ ಮಗು ರಾತ್ರಿ ಒಂದು ಗಂಟೆಯವರೆಗೆ ಎದ್ದಿದ್ದು, ಉಳಿದ ನಾಲ್ಕರಲ್ಲೂ ಎ ಹೋಗಿ ಬಿ ಬಂದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಮಗುವಿಗೆ ಒಲವಿರುವ ವಿಷಯಗಳಲ್ಲಿ ಕಠಿಣ ಕೋರ್ಸ್‌ಗಳನ್ನು ತೆಗೆದುಕೊಂಡು, ಉಳಿದ ವಿಷಯಗಳನ್ನು ಸಾಮಾನ್ಯ ತರಗತಿಯಲ್ಲೇ ಓದಿಸುವುದಕ್ಕೆ ಯಾವ ಮನೆಯವರೂ ಹಿಂಜರಿಯಬೇಕಾಗಿಲ್ಲ.

ತರಗತಿಯ ಹೊರಗಿನ ಬದುಕು

ಅರ್ಜಿಯಲ್ಲಿ ಬಹುಮಾನ, ಚಟುವಟಿಕೆ, ಸೇವೆ, ಕೆಲಸ ಎಲ್ಲ ಸೇರಿ 20 ನಮೂದುಗಳಿಗೆ ಜಾಗವಿದೆ. ಇಪ್ಪತ್ತನ್ನೂ ತುಂಬಬೇಕೆಂದಿಲ್ಲ. ಚಟುವಟಿಕೆ, ಸೇವೆ, ಕೆಲಸಗಳಿಗೆ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು ಕೇಳುತ್ತಾರೆ, ಆದ್ದರಿಂದ ಹೆಸರಿಗೆ ಮಾತ್ರ ಸೇರಿಕೊಂಡ ಹತ್ತು ಕ್ಲಬ್‌ಗಳು ಅಲ್ಲಿ ತೆಳ್ಳಗೆ ಕಾಣುತ್ತವೆ. ಒಂಬತ್ತನೇ ತರಗತಿಯಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ತಿಂಗಳಿಗೊಮ್ಮೆ, ಯಾವ ಕೆಲಸ, ಎಷ್ಟು ಹೊತ್ತು, ಅದರಿಂದ ಏನಾಯಿತು ಎಂದು ಮಗುವೇ ನಾಲ್ಕು ಸಾಲು ಬರೆದಿಟ್ಟರೆ, ಮೂರು ವರ್ಷದ ನಂತರ ನೆನಪನ್ನು ಕೆದಕುವ ಕಷ್ಟ ಇರುವುದಿಲ್ಲ. ಮನೆಯ ಹೊಣೆಯೂ ಇಲ್ಲಿ ನಮೂದಿಗೆ ಅರ್ಹ. ಶಾಲೆ ಬಿಟ್ಟ ಮೇಲೆ ತಮ್ಮನನ್ನು ಕರೆತಂದು ಊಟ ಬಡಿಸಿ ಪಾಠ ಹೇಳಿಕೊಡುವುದು, ಇಂಗ್ಲಿಷ್ ಬಾರದ ಅಜ್ಜಿಯೊಂದಿಗೆ ಆಸ್ಪತ್ರೆಗೆ ಹೋಗಿ ವೈದ್ಯರ ಮಾತನ್ನು ಕನ್ನಡದಲ್ಲಿ ತಿಳಿಸುವುದು ನಮ್ಮ ಮನೆಗಳಲ್ಲಿ ತೀರ ಸಹಜ. ಇದರಲ್ಲೇನಿದೆ ಎಂದು ಮಕ್ಕಳು ಇವನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು.

ನಾಲ್ಕು ಉತ್ತರಗಳು

ಶಿಫಾರಸು ಪತ್ರವಿಲ್ಲದ, ಸಂದರ್ಶನವಿಲ್ಲದ ಈ ಅರ್ಜಿಯಲ್ಲಿ ಮಗುವಿನ ದನಿ ಕೇಳಿಸುವ ಮುಖ್ಯ ಜಾಗ ಅದು ಬರೆಯುವ ನಾಲ್ಕು ಕಿರು ಉತ್ತರಗಳು. ಎಂಟು ಪ್ರಶ್ನೆಗಳನ್ನು ಕೊಟ್ಟು ನಾಲ್ಕಕ್ಕೆ ಉತ್ತರ ಕೇಳುತ್ತಾರೆ, ಒಂದೊಂದಕ್ಕೂ 350 ಪದಗಳ ಮಿತಿ. ನಾಯಕತ್ವ, ಸೃಜನಶೀಲತೆ, ಕೌಶಲ, ಓದಿನಲ್ಲಿ ಸಿಕ್ಕ ಅವಕಾಶ ಅಥವಾ ಎದುರಾದ ಅಡ್ಡಿ, ಬದುಕಿನ ದೊಡ್ಡ ಸವಾಲು, ಮೆಚ್ಚಿನ ವಿಷಯ, ಶಾಲೆಗೋ ಸಮುದಾಯಕ್ಕೋ ಮಾಡಿದ ಒಳಿತು, ಇನ್ನೂ ಹೇಳಬೇಕಾದದ್ದು ಎಂಬುವೇ ಆ ಎಂಟು. ಎಲ್ಲಕ್ಕೂ ಸಮಾನ ತೂಕವಿರುವುದರಿಂದ ಯಾವ ಪ್ರಶ್ನೆ ಗೆಲ್ಲುತ್ತದೆ ಎಂದು ಹುಡುಕುವ ಅಗತ್ಯವಿಲ್ಲ. ಮಗುವಿಗೆ ಹೇಳಲು ನಿಜವಾಗಿ ಏನಿದೆ ಎಂಬುದನ್ನು ಮೊದಲು ಕಂಡುಕೊಂಡು, ಅದಕ್ಕೆ ಹೊಂದುವ ಪ್ರಶ್ನೆಯನ್ನು ಆಮೇಲೆ ಆರಿಸಬೇಕು.

ಇಲ್ಲಿ ಕಾವ್ಯಮಯ ಆರಂಭವಾಗಲಿ ಘೋಷವಾಕ್ಯದ ಮುಕ್ತಾಯವಾಗಲಿ ಬೇಡ. ಎದುರಿಗೆ ಕುಳಿತವರು ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರಿಸುವ ಧಾಟಿ ಸಾಕು. ಹುಡುಗನೊಬ್ಬನ ಮೊದಲ ಕರಡಿನಲ್ಲಿ ಹೀಗಿತ್ತೆಂದು ಭಾವಿಸೋಣ: “ರೋಬೊಟಿಕ್ಸ್ ತಂಡದ ನಾಯಕನಾಗಿ ನಾನು ಸಹಕಾರ, ತಾಳ್ಮೆ ಮತ್ತು ಪರಿಶ್ರಮದ ಮಹತ್ವವನ್ನು ಕಲಿತೆ.” ಈ ವಾಕ್ಯವನ್ನು ಸಾವಿರ ಮಕ್ಕಳು ಬರೆಯಬಹುದು, ಇದರಲ್ಲಿ ಈ ಹುಡುಗ ಎಲ್ಲೂ ಇಲ್ಲ. ತಂಡದಲ್ಲಿ ನಿಜಕ್ಕೂ ಏನಾಯಿತು ಎಂದು ಪಕ್ಕದಲ್ಲಿ ಕುಳಿತು ಕೇಳಬೇಕು. ಸ್ಪರ್ಧೆಯ ನಡುವೆ ಮೂರು ಸಲ ಮೋಟರಿನ ತಂತಿ ಕಳಚಿ ಯಂತ್ರದ ತೋಳು ನಿಂತಿತು. ಯಾರ ತಪ್ಪು ಎಂದು ಜಗಳವಾಯಿತು. ಅಂದು ರಾತ್ರಿ ಅವನು ಹನ್ನೆರಡು ಜೋಡಣೆಗಳ ಪರಿಶೀಲನಾ ಪಟ್ಟಿಯೊಂದನ್ನು ಬರೆದು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ. ಮರುವರ್ಷ ಬಂದ ಕಿರಿಯರು ಅದಕ್ಕೆ ಇನ್ನೆರಡು ಸಾಲು ಸೇರಿಸಿದರು. ಇದಿಷ್ಟನ್ನು ಬರೆದರೆ ತಾಳ್ಮೆ, ಸಹಕಾರ ಎಂಬ ಪದಗಳನ್ನು ಬಳಸದೆಯೇ ಓದುವವರಿಗೆ ಅವು ಕಾಣುತ್ತವೆ.

ತಂದೆತಾಯಿಯ ಕೆಲಸ ಹೀಗೆ ಕೇಳುವುದಕ್ಕೆ ಮುಗಿಯಬೇಕು. ವಾಕ್ಯಗಳನ್ನು ನಾವು ತಿದ್ದತೊಡಗಿದರೆ ಹದಿನೇಳರ ಹುಡುಗನ ಮಾತು ನಲವತ್ತೈದರ ಮ್ಯಾನೇಜರನ ವರದಿಯಂತಾಗುತ್ತದೆ. ಬೇರೆಯವರಿಂದ ಬರೆಸುವುದು, ಎಲ್ಲಿಂದಲೋ ನಕಲು ಮಾಡುವುದು ಇನ್ನೂ ಅಪಾಯ, ಏಕೆಂದರೆ ವಿಶ್ವವಿದ್ಯಾಲಯ ಕೃತಿಚೌರ್ಯವನ್ನು ಪರಿಶೀಲಿಸುತ್ತದೆ. ಇದೇ ನಾಲ್ಕು ಉತ್ತರಗಳು ಅರ್ಜಿ ಹಾಕಿದ ಎಲ್ಲ ಕ್ಯಾಂಪಸ್‌ಗಳಿಗೂ ಹೋಗುವುದರಿಂದ ಯಾವುದೇ ಒಂದು ಕ್ಯಾಂಪಸ್ಸಿನ ಹೆಸರನ್ನು ಅವುಗಳಲ್ಲಿ ಬರೆಯಬಾರದು.

ಅರ್ಜಿ ಮತ್ತು ಅದರ ನಂತರ

ಅರ್ಜಿಯ ತಾಣ ಆಗಸ್ಟ್ 1ರಂದು ತೆರೆಯುತ್ತದೆ. ಸಲ್ಲಿಸಲು ಅಕ್ಟೋಬರ್ 1ರಿಂದ ನವೆಂಬರ್ ಕೊನೆಯವರೆಗೆ ಸಮಯವಿದೆ. ಕೆಲವು ವರ್ಷ ಕಡೆಯ ದಿನ ಡಿಸೆಂಬರಿನ ಮೊದಲ ದಿನಗಳಿಗೆ ಸರಿಯುತ್ತದೆ. ಬೇಗ ಸಲ್ಲಿಸಿದವರಿಗೆ ವಿಶೇಷ ಅನುಕೂಲವೇನೂ ಇಲ್ಲ, ಆದರೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನವೆಂಬರ್ ಕೊನೆಯ ರಜೆಗೆ ಮೊದಲೇ ಮುಗಿಸುವುದು ಮನೆಯ ನೆಮ್ಮದಿಗೆ ಒಳ್ಳೆಯದು. ಈ ಹಂತದಲ್ಲಿ ಶಾಲೆ ಟ್ರಾನ್ಸ್‌ಕ್ರಿಪ್ಟ್ ಕಳುಹಿಸುವುದಿಲ್ಲ. ಕೋರ್ಸ್‌ನ ಹೆಸರು, ಗ್ರೇಡ್, ಸೆಮಿಸ್ಟರ್ ಎಲ್ಲವನ್ನೂ ಮಗುವೇ ತುಂಬಬೇಕು. ಟ್ರಾನ್ಸ್‌ಕ್ರಿಪ್ಟನ್ನು ಎದುರಿಗಿಟ್ಟುಕೊಂಡೇ ತುಂಬಬೇಕು; ನೆನಪಿನಿಂದ ತುಂಬಿದ ಒಂದು ತಪ್ಪು ಗ್ರೇಡ್ ಮುಂದೆ ಸಿಕ್ಕ ಪ್ರವೇಶವನ್ನೇ ರದ್ದು ಮಾಡಿಸಬಹುದು. ತುಂಬಿದ ಮೇಲೆ ಒಬ್ಬರು ಓದಿ ಹೇಳಿ ಇನ್ನೊಬ್ಬರು ಪರದೆಯ ಮೇಲೆ ಹೊಂದಿಸಿ ನೋಡುವುದು ಅರ್ಧ ಗಂಟೆಯ ಕೆಲಸ. ಚಟುವಟಿಕೆಗಳಿಗೆ ಆಧಾರ ಕೊಡಿ ಎಂದು ಕೆಲವು ಅರ್ಜಿದಾರರನ್ನು ಆಯ್ದು ಕೇಳುವ ಪದ್ಧತಿಯೂ ಇರುವುದರಿಂದ, ಗಂಟೆಗಳನ್ನು ಹಿಗ್ಗಿಸಿ ಬರೆಯುವುದು ಬೇಡ. ಆದಾಯ ಕಡಿಮೆಯಿರುವ ಕುಟುಂಬಗಳ ಅರ್ಹ ಮಕ್ಕಳಿಗೆ ನಾಲ್ಕು ಕ್ಯಾಂಪಸ್‌ಗಳವರೆಗೆ ಅರ್ಜಿ ಶುಲ್ಕ ಮಾಫಿಯಾಗುತ್ತದೆ.

ಕ್ಯಾಂಪಸ್‌ಗಳನ್ನು ಆರಿಸುವಾಗ ಬರ್ಕ್‌ಲಿ ಮತ್ತು ಲಾಸ್ ಏಂಜಲೀಸ್‌ಗಳ ಹೆಸರಿಗಷ್ಟೇ ಮರುಳಾಗದೆ, ಮಗು ಓದಬೇಕೆಂದಿರುವ ವಿಷಯಕ್ಕೆ ಅಲ್ಲಿ ಪ್ರವೇಶ ಹೇಗೆ ನಡೆಯುತ್ತದೆ ಎಂದು ನೋಡಬೇಕು. ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ಸೈನ್ಸ್‌ನಂಥ ವಿಷಯಗಳಲ್ಲಿ ಪೈಪೋಟಿ ಕ್ಯಾಂಪಸ್ಸಿನ ಸರಾಸರಿಗಿಂತ ಬಹಳ ಹೆಚ್ಚು. ಸುಲಭವಾದ ವಿಷಯದಲ್ಲಿ ಒಳಹೊಕ್ಕು ಆಮೇಲೆ ಬದಲಾಯಿಸಿಕೊಳ್ಳುವ ಉಪಾಯ ಇಂಥ ಕಡೆ ಬಹುಮಟ್ಟಿಗೆ ಫಲಿಸುವುದಿಲ್ಲ. ಡೇವಿಸ್, ಅರ್ವೈನ್, ಸಾಂಟಾ ಕ್ರೂಜ್, ರಿವರ್‌ಸೈಡ್‌ಗಳನ್ನೂ ಮನಃಪೂರ್ವಕವಾಗಿ ಪಟ್ಟಿಗೆ ಸೇರಿಸಬೇಕು, ಅಲ್ಲಿ ಓದುವ ಬದುಕನ್ನು ಮಗು ಕಣ್ಣೆದುರು ತಂದುಕೊಳ್ಳಬೇಕು. ಯುಸಿಯ ಅರ್ಹತಾ ಯೋಜನೆಯಲ್ಲಿ ಪಾಲ್ಗೊಳ್ಳುವ ರಾಜ್ಯದ ಹೈಸ್ಕೂಲುಗಳಲ್ಲಿ ಮೊದಲ ಶೇಕಡಾ 9ರೊಳಗಿನ ಮಕ್ಕಳಿಗೆ, ಕೇಳಿದ ಕ್ಯಾಂಪಸ್‌ಗಳಲ್ಲಿ ಸೀಟು ಸಿಗದಿದ್ದರೆ ಜಾಗವಿರುವ ಬೇರೊಂದು ಕ್ಯಾಂಪಸ್ಸಿನಲ್ಲಿ ಅವಕಾಶ ಕೊಡುವ ವ್ಯವಸ್ಥೆಯೂ ಇದೆ.

ಅರ್ಜಿ ಸಲ್ಲಿಸಿದ ಮೇಲೆ ಹನ್ನೆರಡನೇ ತರಗತಿಯ ಓದನ್ನು ಸಡಿಲ ಬಿಡುವಂತಿಲ್ಲ. ಮಾರ್ಚ್‌ನಲ್ಲಿ ಸಿಗುವ ಪ್ರವೇಶ ಷರತ್ತಿನದು. ಅರ್ಜಿಯಲ್ಲಿ ನಮೂದಿಸಿದ ಕೋರ್ಸ್ ಕೈಬಿಟ್ಟರೆ ವಿಶ್ವವಿದ್ಯಾಲಯಕ್ಕೆ ತಿಳಿಸಬೇಕು, ಕೊನೆಯ ವರ್ಷದಲ್ಲಿ ಡಿ ಅಥವಾ ಎಫ್ ಬಂದರೆ ಪ್ರವೇಶ ಹಿಂತೆಗೆದುಕೊಳ್ಳಬಹುದು. ಒಪ್ಪಿಗೆ ತಿಳಿಸಲು ಸಾಮಾನ್ಯವಾಗಿ ಮೇ 1ರವರೆಗೆ ಸಮಯವಿರುತ್ತದೆ.

ಬಯಸಿದ ಕ್ಯಾಂಪಸ್ ಈ ಸುತ್ತಿನಲ್ಲಿ ಸಿಗದ ಮಗುವಿಗೆ ಕಮ್ಯುನಿಟಿ ಕಾಲೇಜಿನ, ಅಂದರೆ ಎರಡು ವರ್ಷದ ಸ್ಥಳೀಯ ಸಾರ್ವಜನಿಕ ಕಾಲೇಜಿನ, ದಾರಿ ತೆರೆದೇ ಇದೆ. ಅಲ್ಲಿ ಎರಡು ವರ್ಷ ಓದಿ ಮೂರನೆಯ ವರ್ಷಕ್ಕೆ ಯುಸಿ ಸೇರುವವರು ಪ್ರತಿ ವರ್ಷ ಸಾವಿರಾರು ಮಂದಿ ಇದ್ದಾರೆ, ಕೊನೆಗೆ ಸಿಗುವ ಪದವಿಯೂ ಅದೇ. ನಿಗದಿತ ಕೋರ್ಸ್‌ ಮತ್ತು ಗ್ರೇಡುಗಳನ್ನು ಪೂರೈಸಿದವರಿಗೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ ಮತ್ತು ಸಾಂಟಾ ಕ್ರೂಜ್ ಕ್ಯಾಂಪಸ್‌ಗಳು ಪ್ರವೇಶದ ಖಾತರಿಯನ್ನೇ ಕೊಡುತ್ತವೆ. ಬರ್ಕ್‌ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊಗಳಲ್ಲಿ ಖಾತರಿ ಇಲ್ಲದಿದ್ದರೂ ವರ್ಗಾವಣೆಯ ಅರ್ಜಿ ಹಾಕಬಹುದು. ಖಾತರಿಯ ಅರ್ಜಿಯನ್ನು ಸೇರುವ ವರ್ಷದ ಹಿಂದಿನ ಸೆಪ್ಟೆಂಬರ್ ತಿಂಗಳಲ್ಲೇ ಸಲ್ಲಿಸಬೇಕಾದ್ದರಿಂದ, ಕಮ್ಯುನಿಟಿ ಕಾಲೇಜಿಗೆ ಕಾಲಿಟ್ಟ ಮೊದಲ ವಾರವೇ ಅಲ್ಲಿನ ವರ್ಗಾವಣೆ ಸಲಹೆಗಾರರನ್ನು ಕಂಡು ಎರಡು ವರ್ಷದ ಕೋರ್ಸ್‌ಗಳನ್ನು ಬರೆಸಿಕೊಂಡು ಬರಬೇಕು.