ಮೆಕ್ಸಿಕೋದಲ್ಲಿ ಏನು ಕುಡಿಯಬೇಕು, ಯಾವ ಹೊತ್ತಿಗೆ ಕುಡಿಯಬೇಕು

ಮೆಕ್ಸಿಕೋ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಟಕೀಲಾ. ಇಳಿದ ರಾತ್ರಿಯೇ ಬಾರಿಗೆ ಹೋಗಿ, ಉಪ್ಪು ನೆಕ್ಕಿ, ಒಂದೇ ಗುಟುಕಿಗೆ ಗ್ಲಾಸು ಖಾಲಿ ಮಾಡಿ, ಅಷ್ಟಕ್ಕೇ ಅಲ್ಲಿನ ರುಚಿ ನೋಡಿದೆವು ಅಂದುಕೊಳ್ಳುವವರು ತುಂಬಾ ಇದ್ದಾರೆ. ಅಲ್ಲಿನ ಜನ ದಿನವಿಡೀ ಕುಡಿಯುವುದು ಬೇರೆಯದನ್ನೇ: ಮೆಕ್ಕೆಜೋಳದ ಗಂಜಿ, ಹೂವಿನ ಪಾನಕ, ಅನಾನಸ್ ಸಿಪ್ಪೆಯ ಹುಳಿನೀರು. ಇವೆಲ್ಲ ಬೀದಿಯಲ್ಲಿ, ಸಂತೆಯಲ್ಲಿ ಸಿಗುತ್ತವೆ. ಆದರೆ ಒಂದೊಂದಕ್ಕೂ ಒಂದು ಹೊತ್ತಿದೆ. ಬೆಳಗಿನದ್ದನ್ನು ಮಧ್ಯಾಹ್ನ ಹುಡುಕಿಕೊಂಡು ಹೋದರೆ ಖಾಲಿ ಪಾತ್ರೆ ನೋಡಿ ಬರಬೇಕಾಗುತ್ತದೆ.

1. ಮೊದಲು ನೀರು, ಐಸ್ ನೋಡಿಕೊಳ್ಳಿ

ನಲ್ಲಿ ನೀರು ಬೇಡ. ಅಲ್ಲಿನವರೇ ಹೆಚ್ಚಾಗಿ ‘ಗರಾಫೋನ್’ ಅನ್ನುವ 20 ಲೀಟರ್ ಕ್ಯಾನಿನ ನೀರು ಕುಡಿಯುತ್ತಾರೆ, ಬೆಂಗಳೂರಿನ ಮನೆಗಳ ಹಾಗೇ. ಅಂಗಡಿಯಲ್ಲಿ ‘ಆಗ್ವಾ ಪುರಿಫಿಕಾದಾ?’ ಎಂದು ಕೇಳಿ, ಶುದ್ಧ ಮಾಡಿದ ನೀರಾ ಅಂತ. ನಡುವೆ ತೂತಿರುವ ಉರುಟು ಐಸ್ ಸಾಮಾನ್ಯವಾಗಿ ಫ್ಯಾಕ್ಟರಿಯಿಂದ ಬಂದದ್ದು. ಅನುಮಾನ ಇದ್ದರೆ ‘ಸಿನ್ ಯೇಲೊ’ ಅನ್ನಿ. ಐಸ್ ಬೇಡ ಎಂದರ್ಥ.

2. ಬೆಳಿಗ್ಗೆ ಅತೋಲೆ

ಮೆಕ್ಸಿಕೋ ಸಿಟಿಯಲ್ಲಿ ಬೆಳಿಗ್ಗೆ ಬೇಗ ಎದ್ದು ಮೆಟ್ರೋ ಸ್ಟೇಷನ್ ಕಡೆ ನಡೆಯಿರಿ. ಹಬೆಯಾಡುವ ದೊಡ್ಡ ಪಾತ್ರೆಗಳು ಕಾಣುತ್ತವೆ. ಒಂದರಲ್ಲಿ ತಮಾಲೆ, ಅಂದರೆ ಮೆಕ್ಕೆಜೋಳದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಕಡುಬು. ಇನ್ನೊಂದರಲ್ಲಿ ಅತೋಲೆ ಎಂಬ ಗಂಜಿ. ಆಫೀಸಿಗೆ ಓಡುವವರು ನಿಂತಲ್ಲೇ ಕುಡಿದು ಹೋಗುತ್ತಾರೆ.

ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಅದರಲ್ಲೇ ನೆನೆಯಲು ಬಿಟ್ಟು, ತೊಳೆದು ರುಬ್ಬಿದರೆ ‘ಮಾಸಾ’ ಅನ್ನುವ ಹಿಟ್ಟು ಸಿಗುತ್ತದೆ. ಸುಣ್ಣದಿಂದ ಸಿಪ್ಪೆ ಸಡಿಲವಾಗುತ್ತದೆ. ಕಾಳಿನೊಳಗೆ ಸಿಕ್ಕಿಕೊಂಡಿರುವ ನಯಾಸಿನ್ ಎಂಬ ವಿಟಮಿನ್ ಮೈಗೆ ಹತ್ತುವುದೂ ಇದರಿಂದಲೇ. ತೋರ್ತಿಯಾ ಎಂಬ ಅಲ್ಲಿನ ರೊಟ್ಟಿ ತಟ್ಟುವುದು ಈ ಹಿಟ್ಟಿನಲ್ಲೇ. ಅದನ್ನು ನೀರಿಗೋ ಹಾಲಿಗೋ ಕದಡಿ, ದಾಲ್ಚಿನ್ನಿ, ‘ಪಿಲೋನ್ಸಿಯೋ’ ಹಾಕಿ ಕಾಯಿಸಿದರೆ ಅತೋಲೆ. ಪಿಲೋನ್ಸಿಯೋ ಅಂದರೆ ಬೇರೇನಲ್ಲ, ಕಬ್ಬಿನ ಬೆಲ್ಲ, ಶಂಕುವಿನ ಆಕಾರದ ಅಚ್ಚಿನಲ್ಲಿ ಎರೆದದ್ದು. ಚಾಕಲೇಟ್ ಸೇರಿದರೆ ‘ಚಂಪುರ್ರಾದೋ’. ಚಳಿಗಾಲದಲ್ಲಿ ಹೋದರೆ ಅದನ್ನು ಬಿಡಲೇಬೇಡಿ.

ಸಸ್ಯಾಹಾರಿಗಳಿಗೆ ಒಂದು ಮಾತು. ಜೊತೆಗೆ ಕೊಡುವ ತಮಾಲೆಯ ಹಿಟ್ಟಿಗೆ ಹಂದಿ ಕೊಬ್ಬು ಕಲಸಿರುತ್ತಾರೆ, ಸಿಹಿ ತಮಾಲೆಗೂ ಹಾಕುವುದುಂಟು. ‘ಮಾಂತೇಕಾ’, ಅಂದರೆ ಆ ಕೊಬ್ಬು, ಇದೆಯಾ ಎಂದು ಕೇಳಿಯೇ ತಗೊಳ್ಳಿ.

3. ಬಿಸಿಲು ಏರಿದಾಗ ಆಗ್ವಾ ಫ್ರೆಸ್ಕಾ

ಸಂತೆಗಳಲ್ಲಿ ಪೀಪಾಯಿಯಂಥ ದೊಡ್ಡ ಜಾಡಿಗಳಲ್ಲಿ ಕೆಂಪು, ಬಿಳಿ, ಕಂದು ಪಾನಕ, ಅಂದರೆ ಆಗ್ವಾ ಫ್ರೆಸ್ಕಾ, ಸಾಲಾಗಿ ಇಟ್ಟಿರುತ್ತಾರೆ. ಕಂದು ಬಣ್ಣದ್ದು ಹುಣಸೆ ಪಾನಕ. ಬಿಳಿಯದು ‘ಓರ್ಚಾತಾ’, ನೆನೆಸಿದ ಅಕ್ಕಿ ಮತ್ತು ದಾಲ್ಚಿನ್ನಿಯನ್ನು ರುಬ್ಬಿ ಸೋಸಿದ್ದು. ಕಡುಗೆಂಪಿನದು ‘ಹಮೈಕಾ’. ಇದು ಉತ್ತರ ಕರ್ನಾಟಕದವರಿಗೆ ಗೊತ್ತಿರುವ ಪುಂಡಿ ಜಾತಿಯದ್ದೇ ಗಿಡ. ನಾವು ಎಲೆ ಕಿತ್ತು ಪಲ್ಯ ಮಾಡುತ್ತೇವೆ, ಅವರು ಹೂವಿನ ಬುಡದ ಕೆಂಪು ದಳ ಒಣಗಿಸಿ ಕುದಿಸುತ್ತಾರೆ. ಮನೆಯಲ್ಲೂ ಮಾಡಬಹುದು: ಒಂದು ಹಿಡಿ ಒಣ ದಳ, ಒಂದು ಲೀಟರ್ ನೀರು, ಹತ್ತು ನಿಮಿಷ ಕುದಿ. ಆರಿಸಿ, ಸೋಸಿ, ಸಕ್ಕರೆ ಹಾಕಿ, ಇನ್ನೊಂದು ಲೀಟರ್ ತಣ್ಣೀರು ಬೆರೆಸಿ. ಅಷ್ಟೇ.

ಅನಾನಸ್ ಸಿಪ್ಪೆಯನ್ನು ಬೆಲ್ಲದ ನೀರಿನಲ್ಲಿ ಎರಡು ಮೂರು ದಿನ ಹುಳಿ ಬರಿಸಿದರೆ ‘ತೆಪಾಚೆ’. ಇದರಲ್ಲಿ ಮದ್ಯದ ಅಂಶ ಸ್ವಲ್ಪವೇ. ಗ್ವಾದಲಹಾರಾ ಕಡೆ ಹೋದರೆ ‘ತೆಹ್ವೀನೋ’ ಸಿಗುತ್ತದೆ. ಹುಳಿ ಬಂದ ಮೆಕ್ಕೆಜೋಳದ ಹಿಟ್ಟಿಗೆ ಬೆಲ್ಲ, ಉಪ್ಪು, ನಿಂಬೆರಸ ಸೇರಿಸಿ, ಮೇಲೊಂದು ಉಂಡೆ ನಿಂಬೆ ಐಸ್.

4. ವಹಾಕಾದಲ್ಲಿ ತೆಹಾತೆಗೆ ಸಮಯ ಕೊಡಿ

ನನ್ನನ್ನು ಕೇಳಿದರೆ, ಇಡೀ ಪ್ರವಾಸದಲ್ಲಿ ಒಂದೇ ಒಂದು ಪಾನೀಯ ಕುಡಿಯುವುದಾದರೂ ಇದನ್ನೇ ಕುಡಿಯಿರಿ. ದಕ್ಷಿಣ ಮೆಕ್ಸಿಕೋದ ವಹಾಕಾ ನಗರದ ಬೆನಿತೋ ಹ್ವಾರೆಸ್ ಮಾರುಕಟ್ಟೆಗೆ ಮಧ್ಯಾಹ್ನದೊಳಗೆ ಹೋಗಿ. ಪಕ್ಕದ ಸಾನ್ ಆಂದ್ರೆಸ್ ವಯಾಪಾಮ್ ಊರು ತೆಹಾತೆಗೇ ಹೆಸರುವಾಸಿ.

ಮಾಡುವವರು ಹೆಂಗಸರು. ಬೂದಿನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳ, ಹುರಿದ ಕೋಕೋ ಬೀಜ, ಮಾಮೇ ಹಣ್ಣಿನ ಬೀಜ, ‘ರೊಸಿತಾ ದೆ ಕಕಾವ್’ ಎಂಬ ಘಮಘಮ ಹೂವು, ಇಷ್ಟನ್ನೂ ನುಣ್ಣಗೆ ರುಬ್ಬಿದ ಮುದ್ದೆ ಅಗಲವಾದ ಮಣ್ಣಿನ ಬಾನಿಯಲ್ಲಿ ಇರುತ್ತದೆ. ಅಜ್ಜಿ ಮೊಣಕೈವರೆಗೆ ಕೈ ಇಳಿಸಿ ನಾದುತ್ತಾಳೆ. ತಣ್ಣೀರು ಸ್ವಲ್ಪ ಸ್ವಲ್ಪವೇ ಬೀಳುತ್ತದೆ. ಆಮೇಲೆ ಎತ್ತರದಿಂದ ಸುರಿಯುತ್ತಾಳೆ, ಮತ್ತೆ ತೋಡಿ ಸುರಿಯುತ್ತಾಳೆ. ಬೀಜಗಳ ಕೊಬ್ಬು ಮೇಲೆದ್ದು ದಪ್ಪ ನೊರೆ ಕಟ್ಟುತ್ತದೆ. ಮೊದಲ ಸಲ ನೋಡಿದವರಿಗೆ ಹಾಲು ಒಡೆದಿದೆಯೇನೋ ಅನ್ನಿಸುತ್ತದೆ. ಹಿಂಜರಿಯಬೇಡಿ. ಒಣಗಿದ ಕಾಯಿಯ ಬುರುಡೆಗೆ ಕೆಂಪು ಬಣ್ಣ ಬಳಿದು ಮಾಡಿದ ಬಟ್ಟಲಲ್ಲಿ, ‘ಹಿಕಾರಾ’ದಲ್ಲಿ, ಕೇಳಿ ತಗೊಳ್ಳಿ. ಪ್ಲಾಸ್ಟಿಕ್ ಲೋಟದಲ್ಲಿ ಕುಡಿದರೆ ಆ ಖುಷಿ ಇಲ್ಲ. ಮೊದಲು ತುಟಿಗೆ ನೊರೆ, ಆಮೇಲೆ ತಣ್ಣಗಿನ ಕೋಕೋ, ಕೊನೆಗೆ ಹೂವಿನ ವಾಸನೆ.

5. ಸಂಜೆಗೆ ಮುಂಚೆ ಪುಲ್ಕೆ

‘ಮಾಗೇ’ ಅನ್ನುವುದು ಆಳೆತ್ತರದ ಕತ್ತಾಳೆ. ಅದು ಹೂ ಬಿಡುವ ಹೊತ್ತಿಗೆ ನಡುವಿನ ಸುಳಿ ತೆಗೆದು ಗುಳಿ ಮಾಡುತ್ತಾರೆ. ಅಲ್ಲಿ ಜಿನುಗುವ ಸಿಹಿ ರಸ ‘ಆಗ್ವಾಮಿಯೆಲ್’, ಅಂದರೆ ಜೇನುನೀರು. ಉದ್ದನೆಯ ಸೋರೆಬುರುಡೆ ಇಟ್ಟು ಬಾಯಿಂದ ಹೀರಿ ರಸ ಎತ್ತುವುದು ಹಳೆಯ ಪದ್ಧತಿ. ನೀರಾ ಹುಳಿಯಾಗಿ ಹೆಂಡ ಆಗುತ್ತದಲ್ವಾ, ಹಾಗೇ ಇದು ಹುಳಿ ಬಂದು ಪುಲ್ಕೆ ಆಗುತ್ತದೆ. ಬೆಳ್ಳಗೆ, ಸ್ವಲ್ಪ ಲೋಳೆ, ಬಿಯರಿನಷ್ಟು ಅಮಲು. ಬಾಟಲಿಗೆ ತುಂಬಿದ ಮೇಲೂ ಹುಳಿಯುತ್ತಲೇ ಇರುವುದರಿಂದ ದೂರ ಸಾಗಿಸುವುದು ಕಷ್ಟ. ತಾಜಾ ಬೇಕೆಂದರೆ ಇದಾಲ್ಗೋ, ತ್ಲಾಸ್ಕಾಲಾ ರಾಜ್ಯಗಳ ಕಡೆ ಹೋಗಿ, ಇಲ್ಲವೇ ಮೆಕ್ಸಿಕೋ ಸಿಟಿಯ ಹಳೆಯ ಪುಲ್ಕೆ ಅಂಗಡಿಗಳಿಗೆ. ಮೊದಲ ಸಲ ‘ಕುರಾದೋ’ ಕೇಳಿ, ಸೀಬೆ ಹಣ್ಣು ಬೆರೆಸಿದ್ದು. ಲೋಳೆ ಅಷ್ಟಾಗಿ ಗೊತ್ತಾಗುವುದಿಲ್ಲ.

6. ಕೊನೆಗೆ ಮೆಸ್ಕಾಲ್, ಅದೂ ನಿಧಾನವಾಗಿ

ಮೆಸ್ಕಾಲ್ ಅಂದರೆ ಕತ್ತಾಳೆಯಿಂದ ಭಟ್ಟಿ ಇಳಿಸಿದ ಮದ್ಯ. ಟಕೀಲಾ ಕೂಡ ಅದೇ ಕುಟುಂಬದ್ದೇ, ನೀಲಿ ಕತ್ತಾಳೆಯಿಂದ ಮಾಡಿದ್ದು. ಹಲಿಸ್ಕೋ ರಾಜ್ಯದ ಆ ನೀಲಿ ಹೊಲಗಳು 2006ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ಯಾವುದೇ ಆಗಲಿ, ಲೇಬಲ್ ಮೇಲೆ ‘100% ಆಗಾವೆ’, ಅಂದರೆ ಪೂರ್ತಿ ಕತ್ತಾಳೆಯದ್ದು, ಎಂದಿದೆಯಾ ನೋಡಿ. ಇಲ್ಲದಿದ್ದರೆ ಸುಮ್ನೆ ಪಕ್ಕಕ್ಕಿಡಿ.

ಮೆಸ್ಕಾಲಿಗೆ ಕತ್ತಾಳೆಯ ಗಡ್ಡೆಯನ್ನು ನೆಲದ ಗುಂಡಿಯಲ್ಲಿ ಕಾದ ಕಲ್ಲುಗಳ ಮೇಲೆ ದಿನಗಟ್ಟಲೆ ಸುಡುತ್ತಾರೆ. ಹೊಗೆ ವಾಸನೆ ಅಲ್ಲಿಂದ ಬರುವುದು. ಪಕ್ಕದಲ್ಲಿ ಕಿತ್ತಳೆ ತುಂಡು, ಕೆಂಪು ಉಪ್ಪು ಇಡುತ್ತಾರೆ. ಆ ಉಪ್ಪಿನಲ್ಲಿ ಒಣಗಿಸಿ ಪುಡಿ ಮಾಡಿದ ಹುಳು ಇರುತ್ತದೆ. ‘ಪೆಚುಗಾ’ ಎಂದು ಬರೆದ ಬಾಟಲಿಯಾದರೆ ಭಟ್ಟಿ ಇಳಿಸುವಾಗ ಕೋಳಿಯ ಎದೆಮಾಂಸ ತೂಗುಬಿಟ್ಟಿರುವುದು ವಾಡಿಕೆ. ಸಸ್ಯಾಹಾರಿಗಳು ಇವೆರಡನ್ನೂ ಬಿಡಿ, ಕಿತ್ತಳೆ ಸಾಕು.

ಒಂದೇ ಗುಟುಕಿಗೆ ಖಾಲಿ ಮಾಡಬೇಡಿ. ಮುತ್ತಿಟ್ಟ ಹಾಗೆ ಕುಡಿಯಬೇಕು ಎನ್ನುತ್ತಾರೆ ಅಲ್ಲಿನವರು. ಒಂದು ಹನಿ ಅಂಗೈಗೆ ಹಾಕಿಕೊಂಡು ಉಜ್ಜಿ ಮೂಸಿ. ಮೊದಲು ಸ್ಪಿರಿಟ್ಟಿನ ಘಾಟು. ಅದು ಹಾರಿಹೋದ ಮೇಲೆ ಕೈಯಲ್ಲಿ ಉಳಿಯುವುದು ಸುಟ್ಟ ಕತ್ತಾಳೆಯ ಸಿಹಿ ವಾಸನೆ.